‘ಕೋಮಾ’ ಚಿತ್ರದ ಸಂಚು ನಮ್ಮ ಐಸಿಯುನಲ್ಲಿ ನಡೆಯಬಲ್ಲದೆ? ಅಂಗಾಂಗ ದಾನದ ಬೀಗಗಳ ಪರಿಚಯ

ಮನೆಯಲ್ಲಿ ಅಂಗಾಂಗ ದಾನದ ಮಾತು ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಕಾರ್ಡು ಮಾಡಿಸಿಟ್ಟರೆ ನಾಳೆ ಡಾಕ್ಟರು ನಮ್ಮನ್ನು ಉಳಿಸಲು ನೋಡುತ್ತಾರೋ, ಕಿಡ್ನಿ ತೆಗೆಯಲು ಕಾಯುತ್ತಾರೋ?’ ಕೇಳುವವರು ಕೆಟ್ಟವರಲ್ಲ. ಭಯಕ್ಕೆ ಕಾರಣವಿದೆ. ಆ ಭಯಕ್ಕೆ ನೀರೆರೆದದ್ದರಲ್ಲಿ ಸಿನಿಮಾಗಳ ಪಾಲೂ ದೊಡ್ಡದು.

ನಮ್ಮ ರವಿಚಂದ್ರನ್ ಅವರನ್ನೇ ನೋಡಿ. 2014ರ ‘ಕ್ರೇಜಿ ಸ್ಟಾರ್’ನಲ್ಲಿ ಹೃದಯವೊಂದನ್ನು ಸಕಾಲಕ್ಕೆ ತಲುಪಿಸಲು ಇಡೀ ರಸ್ತೆಯೇ ಓಡುತ್ತದೆ. ಅದು ಮಲಯಾಳದ ‘ಟ್ರಾಫಿಕ್’ ಚಿತ್ರದ ಕನ್ನಡ ರೂಪ. ಅವರದೇ 2022ರ ‘ರವಿ ಬೋಪಣ್ಣ’ದಲ್ಲಿ ಅಂಗಾಂಗ ಕಸಿಯೇ ದಂಧೆಯಾಗುತ್ತದೆ. ಅದು ಮಲಯಾಳದ ‘ಜೋಸೆಫ್’ನ ರೂಪ. ಒಬ್ಬರೇ ನಟ, ಒಂದೇ ವಿಷಯ, ಎರಡು ತದ್ವಿರುದ್ಧ ಚಿತ್ರ. ನೋಡಿದವರಿಗೆ ಯಾವುದನ್ನು ನಂಬಬೇಕು ಎನ್ನಿಸುವುದು ಸಹಜ.

ಇಂಥ ಕಥೆಗಳಿಗೆಲ್ಲ ಹಿರಿಯಕ್ಕ ಅನ್ನಬಹುದಾದ ಇಂಗ್ಲಿಷ್ ಚಿತ್ರವೊಂದಿದೆ: 1978ರ ‘ಕೋಮಾ’. ಅದರ ಸಂಚನ್ನು ಹಂತಹಂತವಾಗಿ ಬಿಚ್ಚಿ, ಪ್ರತಿ ಹಂತಕ್ಕೂ ನಮ್ಮ ಕಾನೂನು ಯಾವ ಬೀಗ ಹಾಕಿದೆ ಎಂದು ನೋಡೋಣ. ಹಾಗೆ ನೋಡಿದರೆ ಅಂಗಾಂಗ ದಾನ ಹೇಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ. ಚಿತ್ರದ ಗುಟ್ಟು ಇಲ್ಲಿ ರಟ್ಟಾಗುತ್ತದೆ. ನೋಡಬೇಕೆಂದಿರುವವರು ಮೊದಲು ನೋಡಿ ಬಂದು ಓದಬಹುದು.

ಚಿತ್ರದಲ್ಲಿ ನಡೆಯುವುದೇನು?

‘ಕೋಮಾ’ದ ಮೂಲ ರಾಬಿನ್ ಕುಕ್ 1977ರಲ್ಲಿ ಪ್ರಕಟಿಸಿದ ಕಾದಂಬರಿ. ಕುಕ್ ಸ್ವತಃ ವೈದ್ಯರು. ಚಿತ್ರ ನಿರ್ದೇಶಿಸಿದ ಮೈಕಲ್ ಕ್ರೈಟನ್ ಕೂಡ ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದವರು. ಹಾಗಾಗಿ ಆಸ್ಪತ್ರೆಯ ಒಳಗಿನ ಮಾತು, ನಡೆ ಎಲ್ಲ ನಿಜವೆನ್ನಿಸುವಂತಿದೆ.

ಕಥೆ ನಡೆಯುವುದು ಅಮೆರಿಕದ ಬಾಸ್ಟನ್ ನಗರದ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಸೂಸನ್ ವೀಲರ್ ಅಲ್ಲಿ ಯುವ ಸರ್ಜನ್. ಅವಳ ಗೆಳತಿ ಸಣ್ಣದೊಂದು ಶಸ್ತ್ರಚಿಕಿತ್ಸೆಗೆ ಬಂದವಳು ಎಚ್ಚರವಾಗುವುದೇ ಇಲ್ಲ. ಮೊಣಕಾಲಿನ ಆಪರೇಷನ್ನಿಗೆ ಬಂದ ಇನ್ನೊಬ್ಬ ಗಟ್ಟಿಮುಟ್ಟಾದ ಯುವಕನದೂ ಅದೇ ಗತಿ. ಸೂಸನ್ ದಾಖಲೆ ಹುಡುಕುತ್ತಾಳೆ. ಹೀಗಾದವರೆಲ್ಲ 8ನೇ ನಂಬರಿನ ಆಪರೇಷನ್ ಥಿಯೇಟರ್‌ನಲ್ಲಿ ಮಲಗಿದ್ದವರು ಎಂದು ತಿಳಿಯುತ್ತದೆ. ಅಲ್ಲಿ ರೋಗಿಗೆ ಆಮ್ಲಜನಕದ ಬದಲು ಗುಟ್ಟಾಗಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೋಗುತ್ತಿರುತ್ತದೆ. ಮಿದುಳು ಸತ್ತ ದೇಹಗಳನ್ನು ‘ಜೆಫರ್ಸನ್ ಇನ್‌ಸ್ಟಿಟ್ಯೂಟ್’ ಎಂಬ ಕೇಂದ್ರಕ್ಕೆ ಸಾಗಿಸಿ, ತಂತಿಗಳಲ್ಲಿ ತೂಗುಹಾಕಿ, ಗಿರಾಕಿ ಸಿಕ್ಕಾಗ ಅಂಗ ಮಾರುತ್ತಾರೆ. ಎಲ್ಲದರ ಹಿಂದಿರುವವರು ಶಸ್ತ್ರಚಿಕಿತ್ಸೆ ವಿಭಾಗದ ಮುಖ್ಯಸ್ಥರೇ.

ಸಂಚಿನ ಹಂತಗಳನ್ನು ಎಣಿಸಿ. ಒಂದು, ರೋಗಿಯ ಮಿದುಳನ್ನು ಸಾಯಿಸುವುದು. ಎರಡು, ‘ಇನ್ನು ಆಸೆಯಿಲ್ಲ’ ಎಂದು ಘೋಷಿಸುವುದು. ಮೂರು, ದೇಹವನ್ನು ವಶಕ್ಕೆ ಪಡೆಯುವುದು. ನಾಲ್ಕು, ಅಂಗ ಯಾರಿಗೆ ಎಂದು ತಾವೇ ನಿರ್ಧರಿಸುವುದು. ಐದು, ಹಣ ಪಡೆಯುವುದು. ಈ ಐದೂ ಒಂದೇ ಗುಂಪಿನ ಕೈಯಲ್ಲಿವೆ. ಸಂಚು ನಡೆಯಲು ಅದೇ ಕಾರಣ.

ಇನ್ನೊಂದು ವಿಷಯ. ಈ ಚಿತ್ರ ಬಂದಾಗ ಅಮೆರಿಕದಲ್ಲಿ ಅಂಗ ಮಾರಾಟವನ್ನು ದೇಶದುದ್ದಕ್ಕೂ ನಿಷೇಧಿಸುವ ಕಾಯ್ದೆಯೇ ಇರಲಿಲ್ಲ. ಅದು ಬಂದದ್ದು 1984ರಲ್ಲಿ. ನಮ್ಮಲ್ಲಿ ಅಂಥ ಕಾಯ್ದೆ ಬಂದದ್ದು 1994ರಲ್ಲಿ. ಅಂದರೆ ಅಂದಿನ ಪ್ರೇಕ್ಷಕರ ಭಯಕ್ಕೆ ಆಧಾರವಿತ್ತು. ಇಂದಿನ ಪ್ರಶ್ನೆ, ಕಾಯ್ದೆ ಬಂದ ಮೇಲೆ ಬದಲಾದದ್ದೇನು ಎಂಬುದು.

ಕೋಮಾ ಬೇರೆ, ಮಿದುಳಿನ ಸಾವು ಬೇರೆ

ಚಿತ್ರ ಮಾಡಿದ ದೊಡ್ಡ ಗೊಂದಲ ಅದರ ಹೆಸರಿನಲ್ಲೇ ಇದೆ. ಕೋಮಾದಲ್ಲಿರುವ ವ್ಯಕ್ತಿ ಬದುಕಿದ್ದಾನೆ. ಪ್ರಜ್ಞೆ ಇಲ್ಲ, ಆದರೆ ಮಿದುಳಿನ ಕೆಲವು ಭಾಗಗಳು ಕೆಲಸ ಮಾಡುತ್ತಿವೆ. ಕೆಲವರು ತಾವಾಗಿಯೇ ಉಸಿರಾಡುತ್ತಾರೆ. ಕೆಲವರು ಚೇತರಿಸಿಕೊಂಡು ಎದ್ದು ಬರುತ್ತಾರೆ. ಕೋಮಾದಲ್ಲಿರುವವರ ಅಂಗ ತೆಗೆಯಲು ಕಾನೂನಿನಲ್ಲಿ ಅವಕಾಶವೇ ಇಲ್ಲ.

ಬ್ರೇನ್ ಡೆತ್ ಅಥವಾ ಮಿದುಳು ಸಾವು ಎಂದರೆ ಬ್ರೇನ್ ಸ್ಟೆಮ್, ಅಂದರೆ ಮಿದುಳಿನ ಬುಡದ ಕಾಂಡ, ಶಾಶ್ವತವಾಗಿ ಸತ್ತುಹೋಗಿರುವುದು. ಉಸಿರಾಟದ ಆಜ್ಞೆ ಹೊರಡುವುದು ಅಲ್ಲಿಂದಲೇ. ಅದು ಸತ್ತ ಮೇಲೆ ವೆಂಟಿಲೇಟರ್ ಗಾಳಿ ಒತ್ತಿದಷ್ಟು ಹೊತ್ತು ಎದೆ ಏರಿಳಿಯುತ್ತದೆ, ಹೃದಯ ಬಡಿಯುತ್ತದೆ, ಮೈ ಬೆಚ್ಚಗಿರುತ್ತದೆ. ಆದರೆ ಆ ವ್ಯಕ್ತಿ ಮರಳಿ ಬರುವುದಿಲ್ಲ. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹೃದಯವೂ ನಿಲ್ಲುತ್ತದೆ. ಚಿತ್ರದಲ್ಲಿರುವಂತೆ ದೇಹಗಳನ್ನು ಗೋದಾಮಿನಲ್ಲಿ ದಾಸ್ತಾನು ಮಾಡಿಟ್ಟುಕೊಂಡು ಗಿರಾಕಿಗೆ ಕಾಯುವುದು ವ್ಯವಹಾರದಲ್ಲಿ ಆಗದ ಮಾತು.

‘ಮೈ ಬೆಚ್ಚಗಿದೆ, ಸತ್ತಿದ್ದಾರೆಂದು ಹೇಗೆ ಒಪ್ಪುವುದು?’ ಎಂಬ ಸಂಕಟ ನಿಜವಾದದ್ದು. ಅದಕ್ಕೇ ಪರೀಕ್ಷೆಗಳು ಇಷ್ಟು ಕಟ್ಟುನಿಟ್ಟು.

ಹೃದಯ ನಿಂತು ಸಾಯುವುದಕ್ಕೂ ಮಿದುಳು ಸಾಯುವುದಕ್ಕೂ ಇರುವ ವ್ಯತ್ಯಾಸ ನಮ್ಮ ಕಣ್ಣೆದುರೇ ಇದೆ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದರು. ಮಿದುಳು ನಿಷ್ಕ್ರಿಯವಾದ ಮೇಲೆ ಕುಟುಂಬದವರು ಅಂಗಾಂಗ ದಾನ ಮಾಡಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ದಾನವಾದದ್ದು ಕಣ್ಣುಗಳು. ರಕ್ತದ ಓಡಾಟ ನಿಂತ ಕೂಡಲೇ ಹೃದಯ, ಯಕೃತ್ತಿನಂಥ ಅಂಗಗಳು ಕೆಡತೊಡಗುತ್ತವೆ. ಕಣ್ಣಿನ ಕಾರ್ನಿಯಾ, ಅಂದರೆ ಮುಂಭಾಗದ ಪಾರದರ್ಶಕ ಪೊರೆ, ಸತ್ತ 6 ಗಂಟೆಯೊಳಗೆ ತೆಗೆದರೂ ಬಳಕೆಗೆ ಬರುತ್ತದೆ. ಪುನೀತ್ ಅವರ ಕಾರ್ನಿಯಾಗಳನ್ನು ಪದರಪದರವಾಗಿ ಬಿಡಿಸಿ ನಾಲ್ವರಿಗೆ ಕೂರಿಸಿದ್ದು ನಾರಾಯಣ ನೇತ್ರಾಲಯದ ವೈದ್ಯರು.

ಮೊದಲ ಬೀಗ: ಸಾವನ್ನು ಘೋಷಿಸುವವರು

ಬ್ಯಾಂಕಿನ ಲಾಕರ್‌ಗೆ ಎರಡು ಕೀಲಿ ಇರುತ್ತವೆ. ಒಂದು ನಿಮ್ಮ ಬಳಿ, ಒಂದು ಮ್ಯಾನೇಜರ್ ಬಳಿ. ಒಬ್ಬರಿಂದಲೇ ತೆರೆಯಲಾಗದು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಾಡಿರುವುದೂ ಇದನ್ನೇ. ಬಾಸ್ಟನ್ನಿನ ಮುಖ್ಯಸ್ಥನೊಬ್ಬನ ಕೈಯಲ್ಲಿದ್ದ ಕೀಲಿಗಳನ್ನು ಅದು ಬೇರೆಬೇರೆಯವರಿಗೆ ಹಂಚಿಬಿಟ್ಟಿದೆ.

ಮಿದುಳು ಸಾವನ್ನು ಒಬ್ಬ ವೈದ್ಯರು ಘೋಷಿಸುವಂತಿಲ್ಲ. ನಾಲ್ವರ ಮಂಡಳಿ ಬೇಕು. ಆಸ್ಪತ್ರೆಯ ಉಸ್ತುವಾರಿ ವೈದ್ಯರು ಒಬ್ಬರು. ಸರ್ಕಾರದ ಪ್ರಾಧಿಕಾರ ಒಪ್ಪಿರುವ ಪಟ್ಟಿಯಿಂದ ಆರಿಸಿದ ತಜ್ಞರು ಇನ್ನೊಬ್ಬರು. ನ್ಯೂರಾಲಜಿಸ್ಟ್ ಅಥವಾ ನ್ಯೂರೋಸರ್ಜನ್, ಅಂದರೆ ನರರೋಗ ತಜ್ಞರು, ಮೂರನೆಯವರು. ಅವರು ಸಿಗದ ಕಡೆ ಅರಿವಳಿಕೆ ತಜ್ಞರು ಅಥವಾ ಐಸಿಯು ತಜ್ಞರಂಥವರು ಇರಬಹುದು. ರೋಗಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ನಾಲ್ಕನೆಯವರು. ನಾಲ್ವರೂ ‘ಫಾರಂ 10’ಕ್ಕೆ ಸಹಿ ಹಾಕಬೇಕು. ಅಂಗ ಕಸಿ ಮಾಡುವ ತಂಡದವರು ಈ ಮಂಡಳಿಯಲ್ಲಿ ಇರುವಂತಿಲ್ಲ. ಸಾವಿನಿಂದ ಲಾಭವಾಗುವವರಿಗೆ ಸಾವನ್ನು ಘೋಷಿಸುವ ಹಕ್ಕಿಲ್ಲ ಎಂಬುದೇ ಇದರ ಅರ್ಥ.

ಪರೀಕ್ಷೆ ಹೇಗೆ ಮಾಡುತ್ತಾರೆ?

ಮೊದಲು ಕಾರಣ ಗೊತ್ತಿರಬೇಕು. ತಲೆಗೆ ಪೆಟ್ಟು, ಮಿದುಳಲ್ಲಿ ರಕ್ತಸ್ರಾವ, ಹೀಗೆ ಸ್ಕ್ಯಾನ್‌ನಲ್ಲಿ ಕಾಣುವ ಕಾರಣವಿರಬೇಕು. ನಿದ್ದೆ ಮಾತ್ರೆ, ವಿಷ, ಅರಿವಳಿಕೆ ಔಷಧ, ಮೈ ತೀರಾ ತಣ್ಣಗಾಗಿರುವುದು, ರಕ್ತದ ಸಕ್ಕರೆ ಮತ್ತು ಲವಣಗಳ ಏರುಪೇರು, ಇವು ಮಿದುಳು ಸತ್ತಂತೆ ತೋರಿಸಬಲ್ಲವು. ಇವು ಯಾವುವೂ ಇಲ್ಲವೆಂದು ಖಚಿತವಾಗದೆ ಪರೀಕ್ಷೆ ಶುರುಮಾಡುವಂತಿಲ್ಲ.

ನಂತರ ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕಿರಿದಾಗುತ್ತದೆಯೇ ನೋಡುತ್ತಾರೆ. ಕಾರ್ನಿಯಾವನ್ನು ಹತ್ತಿಯಿಂದ ಮುಟ್ಟುತ್ತಾರೆ. ಕಿವಿಯೊಳಗೆ ಮಂಜುಗಡ್ಡೆಯಂಥ ತಣ್ಣೀರು ಬಿಟ್ಟು ಕಣ್ಣುಗುಡ್ಡೆ ಅಲುಗುತ್ತದೆಯೇ ಎಂದು ಕಾಯುತ್ತಾರೆ. ಗಂಟಲು ಕೆರಳಿಸಿ ಕೆಮ್ಮು ಬರುತ್ತದೆಯೇ ನೋಡುತ್ತಾರೆ. ಮುಖಕ್ಕೆ ನೋವು ಕೊಟ್ಟು ಪ್ರತಿಕ್ರಿಯೆ ಗಮನಿಸುತ್ತಾರೆ.

ಕೊನೆಯದು ಆಪ್ನಿಯಾ ಟೆಸ್ಟ್, ಅಂದರೆ ಉಸಿರಾಟದ ಪರೀಕ್ಷೆ. ಸಾಕಷ್ಟು ಆಮ್ಲಜನಕ ತುಂಬಿದ ಮೇಲೆ ಸುಮಾರು 8ರಿಂದ 10 ನಿಮಿಷ ವೆಂಟಿಲೇಟರ್‌ನಿಂದ ಬಿಡಿಸುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಿದುಳ ಕಾಂಡದಲ್ಲಿ ಸ್ವಲ್ಪ ಜೀವವಿದ್ದರೂ ಆಗ ಉಸಿರೆಳೆಯಲೇಬೇಕು. ಎಳೆಯದಿದ್ದರೆ ಅದು ಸತ್ತಿದೆ ಎಂದರ್ಥ.

ಒಮ್ಮೆ ಮಾಡಿ ಮುಗಿಸುವುದಿಲ್ಲ. ಕನಿಷ್ಠ 6 ಗಂಟೆ ಬಿಟ್ಟು ಎಲ್ಲವನ್ನೂ ಮತ್ತೆ ಮಾಡುತ್ತಾರೆ. ಎರಡು ಸಲವೂ ಒಂದೇ ಫಲಿತಾಂಶ ಬಂದರೆ ಮಾತ್ರ ಸಹಿ.

ಚಿತ್ರದಂತೆ ಯಾರಾದರೂ ವಿಷಾನಿಲ ಬಿಟ್ಟಿದ್ದರೆ? ಇಲ್ಲೊಂದು ಸೂಕ್ಷ್ಮವಿದೆ. ಬೆರಳಿಗೆ ಸಿಕ್ಕಿಸುವ ಮಾಮೂಲಿ ಆಕ್ಸಿಮೀಟರ್ ಕಾರ್ಬನ್ ಮೊನಾಕ್ಸೈಡನ್ನು ಗುರುತಿಸಲಾರದು. ಆಮ್ಲಜನಕ ಸರಿಯಾಗಿದೆ ಎಂದೇ ತೋರಿಸಬಹುದು. ಕುಕ್ ಆರಿಸಿದ ವಿಷ ಜಾಣತನದ್ದೇ. ಆದರೆ ಕೋ-ಆಕ್ಸಿಮೀಟರ್ ಇರುವ ಯಂತ್ರದಲ್ಲಿ ರಕ್ತದ ಗ್ಯಾಸ್ ಪರೀಕ್ಷೆ ಮಾಡಿದರೆ ಅದು ಸಿಕ್ಕಿಬೀಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಮೊಣಕಾಲಿನ ಆಪರೇಷನ್ನಿಗೆ ಹೋದವರ ಮಿದುಳು ಸತ್ತರೆ ‘ಕಾರಣವೇನು’ ಎಂಬ ಮೊದಲ ಪ್ರಶ್ನೆಗೇ ಮಂಡಳಿಯ ಬಳಿ ಉತ್ತರವಿರುವುದಿಲ್ಲ. ಪರೀಕ್ಷೆ ಅಲ್ಲಿಗೇ ನಿಲ್ಲಬೇಕು.

ಎರಡನೇ ಬೀಗ: ಮನೆಯವರ ಒಪ್ಪಿಗೆ

ಸಾವು ಖಚಿತವಾದ ಮೇಲೆ ಅಂಗಾಂಗ ದಾನದ ಮಾತೆತ್ತುವವರು ಟ್ರಾನ್ಸ್‌ಪ್ಲಾಂಟ್ ಕೋ-ಆರ್ಡಿನೇಟರ್, ಅಂದರೆ ಕಸಿ ಸಂಯೋಜಕರು. ಹತ್ತಿರದ ಸಂಬಂಧಿಕರು ‘ಫಾರಂ 8’ರಲ್ಲಿ ಒಪ್ಪಿಗೆ ಬರೆದುಕೊಡಬೇಕು. ಯಾವ ಅಂಗ ಕೊಡುತ್ತೀರಿ, ಯಾವುದು ಬೇಡ ಎಂದು ನೀವೇ ಆರಿಸಬಹುದು. ‘ಬೇಡ’ ಎಂದರೆ ಅಲ್ಲಿಗೆ ಮುಗಿಯಿತು. ಒತ್ತಾಯ ಮಾಡುವಂತಿಲ್ಲ.

‘ಅವರು ಕಾರ್ಡು ಮಾಡಿಸಿದ್ದರು, ಈಗ ನಾವು ಬೇಡವೆಂದರೆ?’ ನಮ್ಮ ದೇಶದಲ್ಲಿ ಕಾರ್ಡಿದ್ದರೂ ಮನೆಯವರು ಒಪ್ಪದೆ ಆಸ್ಪತ್ರೆ ಮುಂದುವರಿಯುವುದಿಲ್ಲ. ಅದಕ್ಕೇ ಕಾರ್ಡು ಮಾಡಿಸುವುದಕ್ಕಿಂತ ಮನೆಯಲ್ಲಿ ಹೇಳಿಡುವುದು ಮುಖ್ಯ.

ಅಪಘಾತದ ಪ್ರಕರಣವಾದರೆ ಅದು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕೇಸು. ಆಗ ಪೊಲೀಸರ ನಿರಾಕ್ಷೇಪಣೆಯೂ ಬೇಕು, ಮರಣೋತ್ತರ ಪರೀಕ್ಷೆಯೂ ಆಗಬೇಕು. ಆಸ್ಪತ್ರೆಗೆ ಸೇರದ ಇನ್ನೊಂದು ಇಲಾಖೆಯ ಕಣ್ಣು ಇಲ್ಲಿ ಬೀಳುತ್ತದೆ. ಮೊದಲು ಸೂರ್ಯ ಮುಳುಗಿದ ಮೇಲೆ ಮರಣೋತ್ತರ ಪರೀಕ್ಷೆ ಇರುತ್ತಿರಲಿಲ್ಲ, ದಾನ ತಡವಾಗುತ್ತಿತ್ತು. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ ನಿಯಮ ಸಡಿಲಿಸಿತು. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಈಗ ರಾತ್ರಿಯೂ ಆಗುತ್ತದೆ. ಕೊಲೆಯ ಶಂಕೆಯಂಥ ಪ್ರಕರಣಗಳಿಗೆ ಈ ಸಡಿಲಿಕೆ ಸಾಮಾನ್ಯವಾಗಿ ಅನ್ವಯಿಸದು.

ಮೂರನೇ ಬೀಗ: ಅಂಗ ಯಾರಿಗೆ?

ಚಿತ್ರದಲ್ಲಿ ಗಿರಾಕಿಯನ್ನು ಹುಡುಕುವವರು ಕೊಂದವರೇ. ಇಲ್ಲಿ ಹಾಗಿಲ್ಲ. ಕರ್ನಾಟಕದಲ್ಲಿ ಹಂಚಿಕೆ ನೋಡಿಕೊಳ್ಳುವ ಸಂಸ್ಥೆ ‘ಜೀವಸಾರ್ಥಕತೆ’. ಹಿಂದೆ ಇದು ವಲಯ ಸಮನ್ವಯ ಸಮಿತಿ ಎಂಬ ಹೆಸರಲ್ಲಿ ಕೆಲಸ ಮಾಡುತ್ತಿತ್ತು. ಅಂಗ ಬೇಕಾದ ರೋಗಿಗಳ ಹೆಸರು ಅವರವರ ಆಸ್ಪತ್ರೆಯ ಮೂಲಕ ಇಲ್ಲಿನ ಕಾಯುವ ಪಟ್ಟಿ ಸೇರುತ್ತದೆ. ರಕ್ತದ ಗುಂಪು, ಕಾದ ಕಾಲ, ರೋಗದ ತೀವ್ರತೆ ಮುಂತಾದವನ್ನು ನೋಡಿ ಹಂಚಿಕೆಯಾಗುತ್ತದೆ. ದಾನಿಯ ಮನೆಯವರಿಗೆ ಪಡೆದವರ ಹೆಸರು ಹೇಳುವುದಿಲ್ಲ. ಪಡೆದವರಿಗೂ ದಾನಿಯ ಹೆಸರು ಹೇಳುವುದಿಲ್ಲ. ಕೃತಜ್ಞತೆ ಮುಂದೊಂದು ದಿನ ಲೇವಾದೇವಿ ಆಗಬಾರದೆಂಬುದು ಇದರ ಉದ್ದೇಶ.

ಆಮೇಲೆ ಗಡಿಯಾರದ ಜೊತೆ ಓಟ. ಹೃದಯವನ್ನು ಹೊರತೆಗೆದ ಸುಮಾರು 4ರಿಂದ 6 ಗಂಟೆಯೊಳಗೆ ಕೂರಿಸಬೇಕು. ಯಕೃತ್ತಿಗೆ ಸುಮಾರು 12 ಗಂಟೆ. ಮೂತ್ರಪಿಂಡಕ್ಕೆ ಒಂದು ದಿನದಷ್ಟು ಸಮಯ ಸಿಗುತ್ತದೆ. ನಮ್ಮ ಟಿವಿಗಳು ‘ಝೀರೋ ಟ್ರಾಫಿಕ್’ ಎಂದು ತೋರಿಸುವ ಆಂಬುಲೆನ್ಸ್ ಓಟ ಇದಕ್ಕಾಗಿಯೇ.

ಬೀಗ ಸಡಿಲವಿರುವುದು ಎಲ್ಲಿ?

ಹಾಗಾದರೆ ಪತ್ರಿಕೆಗಳಲ್ಲಿ ಓದುವ ಕಿಡ್ನಿ ದಂಧೆ ಸುಳ್ಳೇ? ಸುಳ್ಳಲ್ಲ. ಆದರೆ ನಮ್ಮ ದೇಶದಲ್ಲಿ ಬಯಲಾದ ಕಿಡ್ನಿ ಜಾಲಗಳು ಹೆಚ್ಚಾಗಿ ಹುಟ್ಟಿದ್ದು ಬೇರೆ ಬಾಗಿಲಲ್ಲಿ. ಅದು ಬದುಕಿರುವವರು ಕೊಡುವ ಮೂತ್ರಪಿಂಡ.

ಬದುಕಿರುವಾಗ ಅಂಗ ಕೊಡಲು ಹತ್ತಿರದ ಸಂಬಂಧಿಕರಿಗೆ ಅವಕಾಶವಿದೆ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಕ್ಕಳು, ಒಡಹುಟ್ಟಿದವರು ಈ ಪಟ್ಟಿಯಲ್ಲಿದ್ದಾರೆ. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಬೇರೆಯವರು ಕೊಡುವುದಾದರೆ ದೃಢೀಕರಣ ಸಮಿತಿಯ ಮುಂದೆ ಹೋಗಬೇಕು. ಪ್ರೀತಿಯಿಂದ ಕೊಡುತ್ತಿದ್ದಾರೋ, ದುಡ್ಡಿಗೋ ಎಂದು ಸಮಿತಿ ವಿಚಾರಿಸುತ್ತದೆ. ಆ ಸಂದರ್ಶನದ ವಿಡಿಯೊ ಚಿತ್ರೀಕರಣವಾಗಬೇಕು.

ದಲ್ಲಾಳಿಗಳು ನುಸುಳುವುದು ಇಲ್ಲೇ. ಸಾಲದಲ್ಲಿರುವವರನ್ನು ಹುಡುಕಿ, ಸುಳ್ಳು ಆಧಾರ್, ಸುಳ್ಳು ಮದುವೆ ಪತ್ರ ಸೃಷ್ಟಿಸಿ ‘ಸಂಬಂಧಿಕರು’ ಮಾಡುತ್ತಾರೆ. ಅಂದರೆ ಮೋಸ ಐಸಿಯುನ ಹಾಸಿಗೆಯ ಬಳಿಗಿಂತ ಕಾಗದಪತ್ರಗಳಲ್ಲಿ ಹೆಚ್ಚು. ಹುಷಾರಾಗಿರಬೇಕಾದದ್ದು ಸತ್ತ ಮೇಲೆ ಅಂಗ ಕೊಡುವವರಿಗಿಂತ ಬದುಕಿರುವಾಗ ಕಿಡ್ನಿ ಮಾರಲು ಹೊರಟ ಬಡವರು.

ಶಿಕ್ಷೆ ಸಣ್ಣದಲ್ಲ. ಅಂಗ ಕೊಂಡರೂ, ಮಾರಿದರೂ, ದಲ್ಲಾಳಿತನ ಮಾಡಿದರೂ 5ರಿಂದ 10 ವರ್ಷ ಜೈಲು ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಗಮನಿಸಿ, ಮಾರಿದ ಬಡವರೂ ಕಾನೂನಿನ ಕಣ್ಣಲ್ಲಿ ಅಪರಾಧಿಗಳೇ.

ಖರ್ಚು ಯಾರದು?

ಇದು ಎಲ್ಲರೂ ಕೇಳಲು ಸಂಕೋಚಪಡುವ ಪ್ರಶ್ನೆ. ದಾನಕ್ಕೆ ಒಪ್ಪುವವರೆಗಿನ ಚಿಕಿತ್ಸೆಯ ಬಿಲ್ಲು ಎಂದಿನಂತೆ ಮನೆಯವರದು. ಒಪ್ಪಿಗೆ ಕೊಟ್ಟ ಮೇಲೆ ದೇಹವನ್ನು ವೆಂಟಿಲೇಟರ್‌ನಲ್ಲಿ ಕಾಪಾಡುವುದು, ಪರೀಕ್ಷೆಗಳು, ಅಂಗ ತೆಗೆಯುವುದು, ಸಾಗಿಸುವುದು, ಇದ್ಯಾವುದರ ಖರ್ಚನ್ನೂ ದಾನಿಯ ಕುಟುಂಬದಿಂದ ವಸೂಲಿ ಮಾಡುವಂತಿಲ್ಲ. 2014ರ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಹಾಗಾಗಿ ಒಪ್ಪಿಗೆ ಪತ್ರದಲ್ಲಿ ದಿನಾಂಕದ ಜೊತೆ ಸಮಯವನ್ನೂ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಬಿಲ್ಲು ನೋಡುವಾಗ ಅದು ಉಪಯೋಗಕ್ಕೆ ಬರುತ್ತದೆ. ಹಾಗೆಯೇ, ದಾನ ಮಾಡಿದ್ದಕ್ಕೆ ಪ್ರತಿಫಲವಾಗಿ ಹಣ ಕೇಳುವಂತಿಲ್ಲ, ಯಾರೂ ಕೊಡುವಂತಿಲ್ಲ.

ಪಡೆಯುವವರಿಗೆ ಮಾತ್ರ ಖರ್ಚು ದೊಡ್ಡದು. ಶಸ್ತ್ರಚಿಕಿತ್ಸೆಯ ನಂತರವೂ ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಮಾತ್ರೆಗಳನ್ನು ಜೀವನಪೂರ್ತಿ ನುಂಗಬೇಕು. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ಸರ್ಕಾರದ ಅಂಗಾಂಗ ಕಸಿ ಯೋಜನೆ ಇದೆ. ಯೋಜನೆಗೆ ಸೇರಿದ ಆಸ್ಪತ್ರೆಯ ‘ಆರೋಗ್ಯ ಮಿತ್ರ’ರನ್ನು ಕೇಳಿದರೆ ಈಗಿನ ಮೊತ್ತ, ಬೇಕಾದ ಕಾಗದಪತ್ರ ತಿಳಿಸುತ್ತಾರೆ.

‘ದೇಹ ವಿರೂಪವಾಗುತ್ತದೆಯೇ? ಕ್ರಿಯಾಕರ್ಮಕ್ಕೆ ತೊಂದರೆಯೇ?’ ಇಲ್ಲ. ಬೇರೆ ಶಸ್ತ್ರಚಿಕಿತ್ಸೆಯಂತೆಯೇ ಹೊಲಿಗೆ ಹಾಕಿ ಗೌರವದಿಂದ ಒಪ್ಪಿಸುತ್ತಾರೆ. ಎಲ್ಲ ಮುಗಿಯಲು ಒಂದು ದಿನದ ಹತ್ತಿರ ಹಿಡಿಯಬಹುದು. ನೆಂಟರಿಗೆ ಅಂತ್ಯಕ್ರಿಯೆಯ ಸಮಯ ಹೇಳುವ ಮುಂಚೆ ಸಂಯೋಜಕರನ್ನು ಕೇಳಿಕೊಳ್ಳಿ.

ನೋಂದಣಿ ಎಲ್ಲಿ, ಹೇಗೆ?

ಅಂಗಾಂಗ ದಾನದ ರಾಷ್ಟ್ರೀಯ ಸಂಸ್ಥೆ ‘ನೊಟ್ಟೊ’ದ ಜಾಲತಾಣದಲ್ಲಿ ಆಧಾರ್ ಬಳಸಿ ಪ್ರತಿಜ್ಞೆ ನೋಂದಾಯಿಸಬಹುದು. ಹಣ ಕೊಡಬೇಕಿಲ್ಲ. ಅವರ ಉಚಿತ ಸಹಾಯವಾಣಿ 1800-11-4770. ಜೀವಸಾರ್ಥಕತೆಯ ಮೂಲಕವೂ ಮಾಡಬಹುದು. 18 ವರ್ಷ ತುಂಬಿರಬೇಕು. ಚಾಲನಾ ಪರವಾನಗಿ ಅರ್ಜಿಯಲ್ಲೂ ಅಂಗಾಂಗ ದಾನಕ್ಕೆ ಒಪ್ಪಿಗೆ ಸೂಚಿಸುವ ಕಲಂ ಇದೆ. ಮನಸ್ಸು ಬದಲಾದರೆ ಪ್ರತಿಜ್ಞೆ ಹಿಂಪಡೆಯಬಹುದು. ‘ನನಗೆ ಬಿಪಿ, ಶುಗರ್ ಇದೆ, ವಯಸ್ಸಾಗಿದೆ’ ಎಂದು ಹಿಂಜರಿಯಬೇಡಿ. ಯಾವ ಅಂಗ ಯೋಗ್ಯ ಎಂಬುದನ್ನು ವೈದ್ಯರು ಆ ಹೊತ್ತಿನಲ್ಲಿ ನೋಡಿ ತೀರ್ಮಾನಿಸುತ್ತಾರೆ. ಕನ್ನಡಕ ಹಾಕುವವರೂ, ಕಣ್ಣಿನ ಪೊರೆ ಆಪರೇಷನ್ ಆದವರೂ ನೇತ್ರದಾನ ಮಾಡಬಹುದು.

ಸಂಶಯ ಬಂದರೆ ಏನು ಕೇಳಬೇಕು?

ನಿಮ್ಮವರು ಐಸಿಯುನಲ್ಲಿದ್ದು, ಮಿದುಳು ಸತ್ತಿದೆ ಎಂದು ವೈದ್ಯರು ಹೇಳಿದರೆ ಈ ಪ್ರಶ್ನೆಗಳನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು, ಅಗೌರವವಲ್ಲ.

ಒಂದು: ಮಿದುಳು ಸಾಯಲು ಕಾರಣವೇನು? ಸ್ಕ್ಯಾನ್ ತೋರಿಸಿ.

ಎರಡು: ಎರಡೂ ಪರೀಕ್ಷೆ ಆಯಿತೇ? ಯಾವ ಯಾವ ಹೊತ್ತಿಗೆ?

ಮೂರು: ಫಾರಂ 10ಕ್ಕೆ ಸಹಿ ಹಾಕಿದ ನಾಲ್ವರು ಯಾರು? ಅವರಲ್ಲಿ ಯಾರಾದರೂ ಕಸಿ ತಂಡದಲ್ಲಿದ್ದಾರೆಯೇ?

ನಾಲ್ಕು: ಈ ಆಸ್ಪತ್ರೆಗೆ ಅಂಗ ತೆಗೆಯಲು ನೋಂದಣಿ ಇದೆಯೇ? ಜೀವಸಾರ್ಥಕತೆಗೆ ತಿಳಿಸಿದ್ದೀರಾ?

ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಸಹಿ ಹಾಕಬೇಡಿ. ಜೀವಸಾರ್ಥಕತೆಗೆ ಅಥವಾ ನೊಟ್ಟೊ ಸಹಾಯವಾಣಿಗೆ ಕರೆ ಮಾಡಿ. ತಪ್ಪು ನಡೆದಿದೆ ಎನ್ನಿಸಿದರೆ ರಾಜ್ಯದ ಸಮುಚಿತ ಪ್ರಾಧಿಕಾರಕ್ಕೆ, ಅಂದರೆ ಈ ಕಾಯ್ದೆಯಡಿ ಆಸ್ಪತ್ರೆಗಳಿಗೆ ಪರವಾನಗಿ ಕೊಡುವ ಮತ್ತು ರದ್ದು ಮಾಡುವ ಅಧಿಕಾರಿಗಳಿಗೆ, ಲಿಖಿತ ದೂರು ಕೊಡಿ.

‘ಕೋಮಾ’ದ ಕೊನೆಯಲ್ಲಿ ಸೂಸನ್‌ಳನ್ನೇ 8ನೇ ಥಿಯೇಟರ್‌ಗೆ ಒಯ್ಯುತ್ತಾರೆ. ಅದೇ ಕೋಣೆ ಬೇಕೆಂದು ಮುಖ್ಯಸ್ಥ ಹಟ ಹಿಡಿದದ್ದೇಕೆ ಎಂದು ಅವಳ ಸ್ನೇಹಿತನಿಗೆ ಅನುಮಾನ ಹುಟ್ಟಿದ್ದರಿಂದಲೇ ಅವಳು ಉಳಿಯುತ್ತಾಳೆ. ಅಲ್ಲಿ ಒಬ್ಬನಿಗೆ ಹೊಳೆದ ಪ್ರಶ್ನೆಯನ್ನು ನಮ್ಮ ಕಾನೂನು ನಾಲ್ವರು ವೈದ್ಯರಿಗೆ, ಪೊಲೀಸರಿಗೆ, ಹಂಚಿಕೆ ಸಂಸ್ಥೆಗೆ ಕಡ್ಡಾಯ ಮಾಡಿದೆ. ಕುಟುಂಬಕ್ಕೂ ಒಂದು ಕೀಲಿ ಕೊಟ್ಟಿದೆ. ಅದನ್ನು ಯಾವಾಗ ತಿರುಗಿಸಬೇಕು, ಯಾವಾಗ ತಿರುಗಿಸಬಾರದು ಎಂಬುದನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.